ಯಾರೀ ರೆಮ್ಜಿ ಸೆರ್ತೆಲ್

"ಹುಳುಕ ಅನ್ನೋ ಮಾತು ನಿನ್ನ ಬಾಯಿಂದ ಬಿದ್ದರೆ ಆ ಮೈಕಿನ ವೈರು ಕಿತ್ತು ನಿನ್ನ ಕೊರಳಿಗೇ ಸುತ್ತುತೀನಿ" ಎಂದು ಸಬಿಹಾ ಹೇಳಿದಾಗ ಪುರಸಭೆಯ ಯಶಾರ್ ನಗುವುದೋ ಬಿಡುವುದೋ ತಿಳಿಯದೆ ಕೈಯಲ್ಲಿದ್ದ ಚಹಾದ ಲೋಟವನ್ನು ಕಿಟಕಿಕಟ್ಟೆಯ ಮೇಲಿಟ್ಟ. ಅವಳ ಅಪ್ಪ ಬೆಳಗಿನ ಜಾವ ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಪುರಸಭೆಯ ವ್ಯಾನು ಹೆಣವನ್ನು ಮನೆಗೂ ತಾರದೆ ನೇರ ಮಸೀದಿಯ ಹಿಂದಿನ ಸ್ನಾನದ ಕೋಣೆಯಲ್ಲಿ ಇಳಿಸಿ ಹೋಗಿತ್ತು. ಇನ್ನು ಉಳಿದದ್ದು ಪ್ರಕಟಣೆ. ಕುರುಗೋಲ್ ಊರಿನಲ್ಲಿ ಯಾರು ಸತ್ತರೂ ಯಶಾರ್ ಅದನ್ನು ಮೈಕಿನಲ್ಲಿ ಹೇಳಬೇಕು, ಕಂಬಗಳಿಗೆ ಕಟ್ಟಿದ ಧ್ವನಿವರ್ಧಕಗಳು ಅದನ್ನು ಸಕ್ಕರೆಗೆಡ್ಡೆಯ ಹೊಲಗಳವರೆಗೂ ಒಯ್ಯಬೇಕು, ಆಗ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಹೆಗಲು ಕೊಡಲು ಬರುತ್ತಾರೆ. ಹೇಳುವಾಗ ಸತ್ತವನ ಅಡ್ಡಹೆಸರು ಸೇರಿಸಿಯೇ ಹೇಳುವುದು ರೂಢಿ. ಅಂಕಾರಾದ ಸರ್ಕಾರ ಎಂದೋ ಹಂಚಿದ ಮನೆತನದ ಹೆಸರುಗಳು ಗುರುತಿನ ಚೀಟಿಯಲ್ಲೇ ಮಲಗಿದ್ದವು. ಊರು ಅವನ್ನು ನಾಲಿಗೆಯ ಮೇಲೆ ತಂದುಕೊಂಡಿರಲಿಲ್ಲ. ಊರಿಗೆ ತಾನು ಕೊಟ್ಟ ಹೆಸರೇ ಹೆಸರು. ಗಟ್ಟಿಗರ ಅಡ್ಡಹೆಸರನ್ನು ಬೆನ್ನ ಹಿಂದೆ ಪಿಸುಗುಡುತ್ತಿದ್ದರು, ಮೆತ್ತಗಿದ್ದವರದ್ದನ್ನು ಮುಖದ ಎದುರೇ ಕೂಗುತ್ತಿದ್ದರು. ಅವಳಪ್ಪ ಮೆತ್ತಗಿದ್ದ.

"ಸಬಿಹಾ ಅಕ್ಕ, ನಂಗೇನು, ನೀನು ಹೇಳಿದಂಗೇ ಓದ್ತೀನಿ. ಆದರೆ ಜನಕ್ಕೆ ಗೊತ್ತಾಗೋದು ಹೆಂಗೆ?" ಎಂದ ಯಶಾರ್.

"ಅವನಿಗೊಂದು ಹೆಸರಿತ್ತು. ಗೊತ್ತು ಮಾಡಿಕೊಳ್ಳಲಿ."

ಗರಗರ ಸದ್ದು, ಒಂದು ಕೆಮ್ಮು, ಆಮೇಲೆ ಯಶಾರನ ಧ್ವನಿ ಊರ ಮೇಲೆ ಹರಡಿತು. ಅಬ್ದುಲ್ಲಾ ಅವರ ಮಗ ರೆಮ್ಜಿ ಸೆರ್ತೆಲ್ ಅವರು ದೈವಾಧೀನರಾಗಿದ್ದಾರೆ, ಮಧ್ಯಾಹ್ನದ ನಮಾಜಿನ ನಂತರ ಮಣ್ಣಿಗೆ, ಊರಿನವರಿಗೆ ತಿಳಿಸಲಾಗಿದೆ. ಎರಡು ಸಲ ಹೇಳಿದ. ಸಬಿಹಾ ಪುರಸಭೆಯ ಮೆಟ್ಟಿಲ ಮೇಲೆ ನಿಂತು ಆ ಹೆಸರು ಗೋಧಿ ಗೋದಾಮಿನ ತಗಡಿಗೆ ಬಡಿದು ತಿರುಗಿ ಬರುವುದನ್ನು ಕೇಳಿದಳು. ಅವಳ ಬದುಕಿನ ಮೂವತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಅಪ್ಪನ ಹೆಸರು ತಲೆಯೆತ್ತಿ ಊರಲ್ಲಿ ಓಡಾಡಿತ್ತು. ಅವಳಿಗೆ ಹೆಮ್ಮೆಯಾಯಿತು, ಆ ಹೆಮ್ಮೆಯಲ್ಲಿ ಸೇಡಿನ ಖಾರವೂ ಇತ್ತು. ಈಗ ಒಬ್ಬೊಬ್ಬರೂ ಕೆಲಸ ನಿಲ್ಲಿಸಿ, ಛೆ, ನಾವು ಆ ಮನುಷ್ಯನನ್ನು ಒಂದು ದಿನವಾದರೂ ಹೀಗೆ ಕರೆಯಲಿಲ್ಲವಲ್ಲ ಎಂದು ನಾಚಿಕೊಳ್ಳುತ್ತಾರೆ ಎಂದು ಕಾದಳು. ಎದುರಿನ ಅಂಗಡಿಯವನು ಟೊಮೆಟೊ ಬುಟ್ಟಿಯನ್ನು ನೆರಳಿಗೆ ಎಳೆದುಕೊಂಡ. ಬೇರೇನೂ ಆಗಲಿಲ್ಲ.

ಚಹಾದಂಗಡಿಯ ಮುಂದೆ ಹಾಯುವಾಗ ಕ್ಷೌರಿಕ ಹಿಲ್ಮಿಯ ಧ್ವನಿ ಕೇಳಿತು. ಗಿರಾಕಿಯಿಲ್ಲದ ಹೊತ್ತೆಲ್ಲ ಅವನು ಅಲ್ಲೇ ಕೂತಿರುತ್ತಿದ್ದ.

"ಸೆರ್ತೆಲ್ ಅಂತೆ! ಯಾರ್ರೀ ಅದು ಸೆರ್ತೆಲ್?"

"ನಮ್ಮೂರಿನ ಹೆಸರಲ್ಲ ಬಿಡು ಅದು. ಆ ಹೊಸ ದನದ ಡಾಕ್ಟರ ಅಪ್ಪ ಇರಬೇಕು" ಎಂದ ಇನ್ನೊಬ್ಬ.

"ಹೌದು ನೋಡು, ಮೊನ್ನೆ ಒಬ್ಬ ಮುದುಕ ಅವನ ಮನೆ ಮುಂದೆ ಬಸ್ಸಿಳಿದ. ಪಾಪ, ಪರಸ್ಥಳದಲ್ಲಿ ಸಾವು."

ಹಿಲ್ಮಿ ಅವಳನ್ನು ನೋಡಿದ. "ಸಬಿಹಾ, ನಿಮ್ಮಪ್ಪ ಹೆಂಗವ್ನೆ? ಇನ್ನೂ ಆಸ್ಪತ್ರೇಲೇ ಅವ್ನಾ?"

ಹೇಳಲು ಒಂದೇ ಒಂದು ಮಾತು ಸಾಕಿತ್ತು. ಆ ಮಾತು ಗಂಟಲವರೆಗೆ ಬಂದು, ಅಲ್ಲಿ ಕೂತಿದ್ದ ಇಪ್ಪತ್ತೈದು ವರ್ಷದ ಸಿಟ್ಟನ್ನು ಮುಟ್ಟಿ, ಬೇರೆಯೇ ಆಗಿ ಹೊರಗೆ ಬಂತು. "ಈಗ ಆರಾಮಾಗಿದಾನೆ" ಎಂದಳು.

"ಅಂದ್ಕೊಂಡಿದ್ದೆ. ಹುಳುಕು ಹಲ್ಲು ಅಷ್ಟು ಬೇಗ ಬೀಳಲ್ಲ ಬಿಡು!" ಎಂದ ಹಿಲ್ಮಿ. ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ ಅದು. ಬೆಳಿಗ್ಗೆ ಎದ್ದು ಬಾಗಿಲು ತೆಗೆದಷ್ಟೇ ಅಭ್ಯಾಸದ ನಗು. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು. ಬೇಕೆಂದು ಚುಚ್ಚಿದ್ದರೆ ತಿರುಗಿ ಚುಚ್ಚಬಹುದಿತ್ತು.

ಆ ಹೆಸರು ಹುಟ್ಟಿದ್ದು ಇದೇ ಹಿಲ್ಮಿಯ ಬಾಯಲ್ಲಿ, ಇದೇ ಚಹಾದಂಗಡಿಯ ಮುಂದಿನ ಬಸ್ಸು ನಿಲ್ಲುವ ಜಾಗದಲ್ಲಿ. ಜರ್ಮನಿಯ ಕಾರ್ಖಾನೆಗೆ ಆಳು ಬೇಕೆಂದು ಊರೂರಿಂದ ಗಂಡಸರು ಹೊರಟಿದ್ದ ಕಾಲ. ರೆಮ್ಜಿಯನ್ನು ಊರವರು ಡೋಲು ಬಡಿಸಿ ಬಸ್ಸು ಹತ್ತಿಸಿದ್ದರು, ಹಿಂದೆ ನೀರು ಚೆಲ್ಲಿದ್ದರು, ನೀರಿನ ಹಾಗೆ ಸಲೀಸಾಗಿ ಹೋಗಿ ಬಾ ಎಂದು. ಇಸ್ತಾನ್‌ಬುಲ್‌ನಲ್ಲಿ ಚಡ್ಡಿಯಲ್ಲಿ ನಿಂತ ಗಂಡಸರ ಸಾಲು. ಜರ್ಮನ್ ಡಾಕ್ಟರು ಒಬ್ಬೊಬ್ಬರ ಬಾಯಿಯನ್ನೂ ಕಡ್ಡಿಯಿಂದ ಅಗಲಿಸಿ, ಸಂತೆಯಲ್ಲಿ ಕುದುರೆ ಕೊಳ್ಳುವವನ ಹಾಗೆ ಹಲ್ಲು ನೋಡುತ್ತಿದ್ದ. ರೆಮ್ಜಿಯ ಬಾಯಿಯಲ್ಲಿ ಹುಳುಕು ಹಲ್ಲು ನೋಡಿ, ಬೇಡವೆಂದು ತಲೆಯಾಡಿಸಿ, ಮುಂದಿನವನನ್ನು ಕರೆದ. ಅಷ್ಟೇ. ಅಪ್ಪ ಇಡೀ ಚಳಿಗಾಲ ಇಸ್ತಾನ್‌ಬುಲ್‌ನಲ್ಲಿ ಮೂಟೆ ಹೊತ್ತು, ಊರು ಮರೆತಿರಬಹುದು ಎಂದುಕೊಂಡು ವಾಪಸು ಬಂದ. ಎಂಥ ಹುಚ್ಚು! ಈ ಊರಿಗೆ ನೆನಪಿಟ್ಟುಕೊಳ್ಳಲು ಇನ್ನೇನಿದೆ? ಇಲ್ಲಿ ನಡೆಯುವುದೇ ವರ್ಷಕ್ಕೆ ಒಂದೋ ಎರಡೋ ಸಂಗತಿ, ಉಳಿದ ದಿನಗಳೆಲ್ಲ ಅವನ್ನೇ ಜಗಿಯುವುದಕ್ಕೆ. ಬಸ್ಸಿಳಿದವನ ಕೈಯಲ್ಲಿನ ಮರದ ಪೆಟ್ಟಿಗೆ ನೋಡಿ ಹಿಲ್ಮಿ ಕೂಗಿದನಂತೆ: "ಏನೋ ರೆಮ್ಜಿ, ಹುಳುಕು ಅಂತ ಜರ್ಮನಿ ಉಗಿದುಬಿಡ್ತಾ?" ಅಲ್ಲಿಂದ ಅವನು ಹುಳುಕ, ಅವರ ಮನೆ ಹುಳುಕರ ಮನೆ, ಅವಳು ಹುಳುಕನ ಮಗಳು. ರೆಮ್ಜಿ ಎಂಬುದು ಊರಿನ ನಾಲಿಗೆಯಿಂದ ಅಳಿದೇ ಹೋಯಿತು. ಅಪ್ಪ ಆಮೇಲೆ ಇದ್ದಬದ್ದ ಹಲ್ಲೆಲ್ಲ ಕೀಳಿಸಿ ಬಿಳೀ ಕಟ್ಟುಹಲ್ಲು ಹಾಕಿಸಿಕೊಂಡ. ಊರಲ್ಲಿ ಅಷ್ಟು ಚಂದದ ಹಲ್ಲು ಇನ್ನೊಬ್ಬರಿಗಿರಲಿಲ್ಲ. ಹೆಸರು ಹಾಗೇ ಉಳಿಯಿತು.

ಅವಳ ಗುಂಡಿ-ದಾರದ ಅಂಗಡಿಗೆ ಬಂದವರು ದಾರ ಎಳೆದು ನೋಡಿ "ಹುಳುಕಲ್ಲ ತಾನೇ?" ಎನ್ನುತ್ತಾರೆ. ಹನ್ನೊಂದು ವರ್ಷದಿಂದ ಅದೇ ಹಾಸ್ಯ. ಪ್ರತಿಸಲವೂ ಹೊಸದಾಗಿ ಹೊಳೆದಂತೆ ಹೇಳುತ್ತಾರೆ, ಅವಳು ನಗುವವರೆಗೂ ಕಾಸು ಕೊಡುವುದಿಲ್ಲ. ಅವಳು ನಗುತ್ತಾಳೆ. ಒಮ್ಮೆ ಪಕ್ಕದ ಊರಿಂದ ಅವಳನ್ನು ನೋಡಲು ಬಂದವರು ಗುಂಡಿ-ದಾರದ ಸಬಿಹಾಳ ಮನೆ ಎಲ್ಲಿ ಎಂದು ಕೇಳಿದ್ದೂ ಈ ಚಹಾದಂಗಡಿಯಲ್ಲೇ. ಓ ಹುಳುಕರ ಮನೆಯಾ ಎಂದು ತೋರಿಸಿದರು, ಜೊತೆಗೆ ಜರ್ಮನಿಯ ಕಥೆಯನ್ನೂ ಹೇಳಿ ಕಳಿಸಿದರು. ಹುಡುಗನ ತಾಯಿ ಕಾಫಿ ಕುಡಿದು ಹೋಗುವ ಮುಂಚೆ ಸಬಿಹಾಳನ್ನು ಎರಡು ಸಲ ನಗಿಸಲು ನೋಡಿದಳು. ಹಲ್ಲು ನೋಡಲಿಕ್ಕೆ ಎಂದು ಅವಳಿಗೆ ಆಮೇಲೆ ಹೊಳೆಯಿತು. ಅವತ್ತು ಅವಳು ತುಟಿ ಬಿಗಿಹಿಡಿದೇ ಕೂತಿದ್ದಳು, ಹುಡುಗಿಗೆ ಜಂಬ ಎಂಬ ಮಾತು ಬಂತು.

ಮನೆಯ ಹತ್ತಿರ ಬರುವಾಗ ಎದುರಿನಿಂದ ಇಬ್ಬರು ಹೆಂಗಸರು ಬಟ್ಟೆ ಮುಚ್ಚಿದ ಹರಿವಾಣ ಹಿಡಿದು ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು, ನೆರೆಹೊರೆಯವರು ಊಟ ಒಯ್ಯಬೇಕು. ಅವಳ ಕಾಲು ತಾನಾಗಿ ನಿಂತಿತು. ಹೆಂಗಸರು ಅವಳಿಗೆ ತಲೆಯಾಡಿಸಿ ಮುಂದೆ ಹೋದರು, ದನದ ಡಾಕ್ಟರ ಮನೆಯ ಓಣಿಗೆ ತಿರುಗಿದರು. ತುಪ್ಪದಲ್ಲಿ ಹುರಿದ ಹಲ್ವಾದ ವಾಸನೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಯಾರೆಂದೇ ಗೊತ್ತಿಲ್ಲದವನಿಗೆ ಹಲ್ವಾ! ಹೆಸರು ಗೌರವದ್ದಾಗಿ ಕೇಳಿಸಿದ್ದಕ್ಕೇ ತುಪ್ಪ ಹೆಚ್ಚು ಸುರಿದಿರಬೇಕು ಎಂದುಕೊಂಡು ಅವಳು ಗೇಟನ್ನು ಒದ್ದು ತೆಗೆದಳು.

ಒಳಗೆ ಸೋದರತ್ತೆ ಫಿತ್ನತ್ ಗೋಡೆಗೊರಗಿ ಕೂತಿದ್ದಳು. ಅಕ್ಕಪಕ್ಕದವರೆಲ್ಲ ಗೆಡ್ಡೆ ಕೀಳಲು ಹೊಲಕ್ಕೆ ಹೋಗಿದ್ದರು. ಗಟ್ಟಿಯಾಗಿ ಅಳಬೇಡ ಎಂದು ಸಬಿಹಾ ಬೆಳಿಗ್ಗೆಯೇ ಅವಳಿಗೆ ತಾಕೀತು ಮಾಡಿದ್ದಳು. ಊರಿನ ಕಿವಿಗೆ ಮೊದಲು ಬೀಳಬೇಕಾದದ್ದು ಆ ಹೆಸರು, ಅಳುವಲ್ಲ ಎಂಬುದು ಅವಳ ಮನಸ್ಸಿನ ಲೆಕ್ಕ.

"ಏನೇ ಇದು? ಒಂದು ನರಪಿಳ್ಳೆ ಬರಲಿಲ್ಲ" ಎಂದಳು ಅತ್ತೆ. "ಯಶಾರ್ ಅದ್ಯಾರೋ ಸೆರ್ತೆಲ್ ಅಂತ ಕೂಗಿದ್ದು ಕೇಳಿಸ್ತು. ನನ್ನ ತಮ್ಮನದು ಯಾವಾಗ ಕೂಗ್ತಾನೆ?"

"ಅದೇ ಅತ್ತೆ. ಅದು ಅಪ್ಪನ ಹೆಸರೇ."

ಅತ್ತೆ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. "ಹುಳುಕ ಅನ್ನಲಿಲ್ವಲ್ಲೇ."

"ನಾನೇ ಬೇಡ ಅಂದೆ."

"ಹಂಗಾದ್ರೆ ಯಾರು ಬರ್ತಾರೆ? ಹೊತ್ಕೊಂಡು ಹೋಗೋರು ಯಾರು, ನೀನಾ? ನಿನ್ನ ಜಂಬಕ್ಕೆ ನನ್ನ ತಮ್ಮನ್ನ ಅನಾಥ ಹೆಣ ಮಾಡ್ತೀಯೇನೆ?"

"ಅವನು ಸಾಯೋ ತನಕ ಹಂಗೆ ಕರೆದ್ರು. ಸತ್ತ ಮೇಲೂ ಕರೀಬೇಕಾ? ನಿಂಗೂ ನಾಚಿಕೆ ಆಗಲ್ವಾ ಅತ್ತೆ?"

"ಆಗ್ತಿತ್ತು, ಮೊದಮೊದಲು" ಎಂದಳು ಅತ್ತೆ. "ಆಮೇಲೆ ಅವನೇ ಬಿಟ್ಟುಬಿಟ್ಟ. ನಿಂಗೇನೇ ಕಷ್ಟ?"

ಅವಳಿಗೇನು ಕಷ್ಟ! ಅತ್ತೆಯ ಮೇಲೆ ಬಂದ ಸಿಟ್ಟು ಅಪ್ಪನ ಮೇಲೆ ಹರಿಯಿತು, ಯಾಕೆಂದರೆ ಮಾತು ನಿಜ. ಮೊನ್ನೆ ಆಸ್ಪತ್ರೆಯ ಪಡಸಾಲೆಯಲ್ಲಿ ನರ್ಸು ಬಂದು ರೆಮ್ಜಿ ಸೆರ್ತೆಲ್ ಎಂದು ಕೂಗಿದಳು. ಬೆಂಚಿನ ಮೇಲೆ ಕೂತಿದ್ದ ಅಪ್ಪ ಕದಲಲಿಲ್ಲ. ಮತ್ತೆ ಕೂಗಿದಳು. ಅವನೂ ಉಳಿದವರ ಹಾಗೆ ತಲೆ ತಿರುಗಿಸಿ ಆ ಮನುಷ್ಯ ಎಲ್ಲಿದ್ದಾನೆಂದು ಹುಡುಕಿದ. "ಅಪ್ಪಾ, ನಿನ್ನನ್ನೇ" ಎಂದು ಸಬಿಹಾ ಮೊಣಕೈ ತಿವಿದಾಗ, "ಹೌದಾ? ಯಾರೋ ದೊಡ್ಡ ಮನುಷ್ಯ ಅಂದ್ಕೊಂಡೆ ಕಣವ್ವಾ" ಎಂದು ಎದ್ದ. ಎದ್ದು ನರ್ಸಿಗೆ, ಇಪ್ಪತ್ತು ವರ್ಷದ ಆ ಹುಡುಗಿಗೆ, ಕಟ್ಟುಹಲ್ಲು ತೋರಿಸಿ ನಗುತ್ತ, "ನನ್ನನ್ನ ಹುಳುಕ ಅನ್ನಮ್ಮ, ತಕ್ಷಣ ಎದ್ದು ಬರ್ತೀನಿ" ಎಂದ. ನರ್ಸು ನಕ್ಕಳು. ಸಬಿಹಾಗೆ ಅಲ್ಲೇ ಅವನನ್ನು ಹಿಡಿದು ಅಲುಗಾಡಿಸಬೇಕೆನಿಸಿತು. ನಿನಗೋಸ್ಕರ ನಾನು ದಿನವೂ ಹಲ್ಲು ಕಚ್ಚುತ್ತಿದ್ದರೆ ನೀನು ಹೋದಲ್ಲೆಲ್ಲ ಅದನ್ನೇ ಹಂಚುತ್ತೀಯಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವತ್ತು ಇಡೀ ದಿನ ಅವನ ಜೊತೆ ಮಾತಾಡಲಿಲ್ಲ. ಅವನು ಎರಡು ಸಲ ನೀರು ಕೇಳಿದ, ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ಆಮೇಲೆ ಅವನಿಗೇ ಮಾತು ನಿಂತುಹೋಯಿತು.

ಮಧ್ಯಾಹ್ನದ ನಮಾಜು ಮುಗಿದಾಗ ಮಸೀದಿಯ ಅಂಗಳದಲ್ಲಿ ಹೆಣ ಇಡುವ ಕಲ್ಲಿನ ಮೇಲೆ ಶವಪೆಟ್ಟಿಗೆಯಿತ್ತು, ಅದರ ಮುಂದೆ ದಿನವೂ ಬರುವ ಮೂವರು ಮುದುಕರು, ಇಮಾಮರು, ಯಶಾರ್. ಮುದುಕರಲ್ಲಿ ಒಬ್ಬನಿಗೆ ನೆಟ್ಟಗೆ ನಿಲ್ಲಲೂ ಆಗದು, ಪೆಟ್ಟಿಗೆ ಹೊರುವುದಂತೂ ದೂರದ ಮಾತು. ಇಮಾಮರು ಗಡಿಯಾರ ನೋಡಿಕೊಂಡು, "ಸ್ವಲ್ಪ ಕಾಯೋಣ ಮಗಳೇ, ಹೊಲದಿಂದ ಬರ್ತಿರಬಹುದು" ಎಂದರು. ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ದೂರದಲ್ಲಿ ಟ್ರ್ಯಾಕ್ಟರುಗಳ ಸದ್ದು ತನ್ನ ಪಾಡಿಗೆ ನಡೆದಿತ್ತು. ಬೇರೆ ಯಾರ ಸಾವಿಗಾದರೂ ಈ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಪೆಟ್ಟಿಗೆ ನೆಲ ಕಾಣದೆ ಹೆಗಲಿಂದ ಹೆಗಲಿಗೆ ತೇಲಿ ಹೋಗುತ್ತಿತ್ತು. ಅಪ್ಪ ಯಾರ ಪೆಟ್ಟಿಗೆಗೂ ಹೆಗಲು ತಪ್ಪಿಸಿದವನಲ್ಲ. ಎಲ್ಲರಿಗಿಂತ ಮೊದಲು ಹೋಗಿ ಗುಂಡಿ ತೋಡುತ್ತಿದ್ದ. ಅತ್ತೆ ಅವಳನ್ನು ನೋಡದೆ ಪೆಟ್ಟಿಗೆಯ ಮೇಲಿನ ಹಸಿರು ಬಟ್ಟೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಸಬಿಹಾಗೆ ಈಗ ಮೊದಲ ಬಾರಿ ಹೆದರಿಕೆಯಾಯಿತು. ಅಪ್ಪನ ಮರ್ಯಾದೆ ಎಂದು ತಾನು ಹಿಡಿದು ನಿಂತದ್ದು ಅಪ್ಪನದೋ ತನ್ನದೋ?

ಆಗ ದನದ ಡಾಕ್ಟರು ಗೇಟಿನಲ್ಲಿ ಕಾಣಿಸಿಕೊಂಡ. ಮೂರು ತಿಂಗಳ ಹಿಂದೆ ಊರಿಗೆ ಬಂದ ತರುಣ. ಮುಖದಲ್ಲಿ ಗಾಬರಿ.

"ಇಮಾಮರೇ, ಏನಾಗ್ತಿದೆ ಈ ಊರಲ್ಲಿ? ಬೆಳಿಗ್ಗೆಯಿಂದ ಒಂಬತ್ತು ಹರಿವಾಣ ಬಂದಿದೆ. ನಮ್ಮಪ್ಪ ಕೋನ್ಯಾದಲ್ಲಿ ಗಟ್ಟಿಮುಟ್ಟಾಗಿದಾರೆ. ಹೆಂಗಸರು ನಮ್ಮ ಮನೇಲಿ ಕೂತು ಅಳ್ತಿದಾರೆ, ಎದ್ದು ಹೋಗಿ ಅನ್ನೋಕೂ ಆಗ್ತಿಲ್ಲ. ಯಾರೀ ರೆಮ್ಜಿ ಸೆರ್ತೆಲ್?"

ಯಶಾರ್ ಸಬಿಹಾಳತ್ತ ನೋಡಿ, ತನ್ನ ಕೊರಳು ಮುಟ್ಟಿಕೊಂಡು, ಡಾಕ್ಟರ ಕಿವಿಯಲ್ಲಿ ಒಂದೇ ಪದ ಹೇಳಿದ.

"ಹುಳುಕಣ್ಣನಾ?" ಡಾಕ್ಟರ ಧ್ವನಿ ಒಡೆಯಿತು. "ಅಯ್ಯೋ, ಯಾವಾಗ? ನಾನು ಬಂದ ದಿನ ಮನೆ ಬೀಗ ತೆಗೆದುಕೊಟ್ಟವನೇ ಅವನು. ಯಾಕೆ ಯಾರೂ ಹೇಳಲಿಲ್ಲ?"

ಮೂರು ತಿಂಗಳು! ಮೂರು ತಿಂಗಳಲ್ಲಿ ಊರು ಇವನ ನಾಲಿಗೆಯನ್ನೂ ತಿದ್ದಿಬಿಟ್ಟಿತ್ತು. ಅವನ ಕಣ್ಣಲ್ಲಿ ನೀರಿದ್ದದ್ದೂ ಸುಳ್ಳಲ್ಲ. ಆ ಪದವನ್ನು ಅಷ್ಟು ಪ್ರೀತಿಯಿಂದ ಹೇಳಲು ಸಾಧ್ಯ ಎಂಬುದು ಅವಳಿಗೆ ಬೈಗುಳಕ್ಕಿಂತ ಜೋರಾಗಿ ತಾಗಿತು. ಕೈ ಚಾಚಿ ಯಶಾರನಿಂದ ಪುರಸಭೆಯ ಬೀಗದ ಕೈ ಇಸಿದುಕೊಂಡಳು.

ಮೈಕಿನ ಗುಂಡಿ ಒತ್ತಿದಾಗ ಅವಳ ಉಸಿರೇ ಮೊದಲು ಊರಿಗೆ ಕೇಳಿತು. "ಹುಳುಕ ಸತ್ತಿದಾನೆ" ಎಂದಳು. "ಬೆಳಿಗ್ಗೆ ಹೇಳಿದ್ದು ಅವನನ್ನೇ. ನೀವು ಇಟ್ಟ ಹೆಸರು ಹೇಳದಿದ್ದರೆ ನಿಮಗೆ ಅವನು ಯಾರೂ ಅಲ್ಲ. ಅದಕ್ಕೇ ಹೇಳ್ತಿದೀನಿ. ಹುಳುಕ ರೆಮ್ಜಿ ಸತ್ತಿದಾನೆ, ಮಸೀದಿ ಮುಂದೆ ಹೊರೋಕೆ ಜನ ಇಲ್ಲದೆ ಬಿದ್ದಿದಾನೆ." ಅಲ್ಲಿಗೆ ನಿಲ್ಲಿಸಬೇಕೆಂದಿದ್ದಳು. ಬಾಯಿ ನಿಲ್ಲಲಿಲ್ಲ. "ಬನ್ನಿ. ಗೊಣ್ಣೆ ಹಿಲ್ಮಿ, ಬಾ. ಒಂದೇ ಮದುವೇಲಿ ಎರಡು ಸಲ ಉಂಡ ವೆಹ್ಬಿ, ಬಾ. ಹೆಂಡತಿ ಕೈಲಿ ಏಟು ತಿಂದ ಮುನೀರ್, ಬಾ. ಕೋಳಿಕಳ್ಳರ ಮನೆಯವರು ಎಲ್ಲರೂ ಬನ್ನಿ. ಮೇಯರ್ರೇ, ನಿಮ್ಮ ಹೆಸರೂ ನಂಗೆ ಗೊತ್ತು, ಇಡೀ ಊರಿಗೆ ಗೊತ್ತು, ಲಂಚದ ಹುಂಡಿ ಅಂತ. ನೀವೂ ಬನ್ನಿ." ಬೆನ್ನ ಹಿಂದೆ ಮಾತ್ರ ಆಡುತ್ತಿದ್ದ ಹೆಸರುಗಳು ಒಂದೊಂದಾಗಿ ಹಗಲು ಬೆಳಕಿಗೆ ಬಂದವು. ಅವಳಿಗೇ ಆಶ್ಚರ್ಯ, ಇಷ್ಟೊಂದು ತನ್ನ ತಲೆಯಲ್ಲಿತ್ತೇ, ತಾನೂ ಈ ಊರನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದೆನೇ ಎಂದು. ಗಂಟಲು ಒಡೆಯುವವರೆಗೆ ಕೂಗಿ ಗುಂಡಿ ಆರಿಸಿದಳು. ಹೊಲದ ಕಡೆ ಟ್ರ್ಯಾಕ್ಟರುಗಳ ಸದ್ದು ನಿಂತಿತ್ತು.

ಬಂದರು. ಟ್ರ್ಯಾಕ್ಟರಿನ ಟ್ರೇಲರುಗಳಲ್ಲಿ, ಮಣ್ಣು ಮೆತ್ತಿದ ಬೂಟುಗಳಲ್ಲಿ, ಅಂಗಡಿ ಬಾಗಿಲು ತೆರೆದಿಟ್ಟು, ಬಂದರು. ಕೆಲವರ ಮುಖ ಅವಮಾನಕ್ಕೆ ಕೆಂಪಾಗಿತ್ತು, ಅವಳತ್ತ ನೋಡಿ ಹಲ್ಲು ಕಡಿದರು. ಆದರೂ ಸಾಲಿನಲ್ಲಿ ನಿಂತರು. ಹಿಲ್ಮಿ ಅಳುತ್ತ ಬಂದ. "ಬೆಳಿಗ್ಗೆ ಕೇಳಿದ್ನಲ್ಲಮ್ಮಾ, ಆರಾಮಾಗಿದಾನೆ ಅಂದ್ಯಲ್ಲ" ಎಂದ. ಅವಳು ಮುಖ ತಿರುಗಿಸಿದಳು. ಅವನ ಅಳು ನಿಜವಾದದ್ದು, ಅದನ್ನು ಸಹಿಸುವುದೇ ಕಷ್ಟವಾಯಿತು. ಅಂಗಳ ತುಂಬಿ ಬೀದಿಗೆ ಚೆಲ್ಲಿತು. ಹೆಂಗಸರು ಹಿಂದೆ, ಗೋಡೆಯ ಬದಿಗೆ ನಿಂತರು.

ಹೆಣದ ಮುಂದಿನ ನಮಾಜು ಮುಗಿಸಿ ಇಮಾಮರು ಜನರ ಕಡೆ ತಿರುಗಿದರು. "ಈ ಮನುಷ್ಯನನ್ನು ನೀವು ಹೇಗೆ ಬಲ್ಲಿರಿ?"

"ಒಳ್ಳೆಯವನೆಂದು ಬಲ್ಲೆವು" ಎಂದಿತು ಇಡೀ ಊರು ಒಂದೇ ಗಂಟಲಲ್ಲಿ.

"ಇವನ ಮೇಲೆ ನಿಮಗೆ ಏನಾದರೂ ಹಕ್ಕಿದ್ದರೆ, ಇವನಿಂದ ನಿಮಗೆ ನೋವಾಗಿದ್ದರೆ, ಬಿಟ್ಟಿರಾ?"

"ಬಿಟ್ಟೆವು."

ಮತ್ತೆ ಕೇಳಿದರು. ಮತ್ತೆ ಬಿಟ್ಟರು. ಎಷ್ಟು ಉದಾರವಾಗಿ ಬಿಡುತ್ತಿದ್ದಾರೆ ಎಂದು ಸಬಿಹಾ ನೋಡಿದಳು. ಅವನು ಇವರಿಗೆ ಮಾಡಿದ್ದಾದರೂ ಏನು? ಬೀಗ ತೆಗೆದುಕೊಟ್ಟ, ಗುಂಡಿ ತೋಡಿದ, ನಗಿಸಿದ. ಇವರು ಅವನಿಗೆ ಮಾಡಿದ್ದನ್ನು ಬಿಟ್ಟೆಯಾ ಎಂದು ಅವನನ್ನು ಕೇಳುವ ಪದ್ಧತಿಯೇ ಇಲ್ಲ. ಮೂರನೆಯ ಸಲ ಇಮಾಮರು ಕೇಳಿದಾಗ ಅವಳು ಹೆಂಗಸರ ಸಾಲಿನಿಂದ ಮುಂದೆ ಬಂದಳು.

"ನಾನು ಬಿಡಲ್ಲ."

ಇಮಾಮರು ತಬ್ಬಿಬ್ಬಾದರು. "ಮಗಳೇ, ಅಪ್ಪನ ಮೇಲಾ..."

"ಅಪ್ಪನ ಮೇಲೆ ನಂಗೇನೂ ಇಲ್ಲ, ಎಲ್ಲಾ ಬಿಟ್ಟೆ. ಇವರ ಮೇಲೆ. ಇವರ ಮೇಲೆ ಅವನಿಗಿದ್ದ ಹಕ್ಕು ಈಗ ನನ್ನದು. ಅವನು ಬಿಟ್ಟಿರಬಹುದು, ಅವನ ಸ್ವಭಾವ ಅದು. ನಾನು ಬಿಡಲ್ಲ. ಈ ಲೋಕದಲ್ಲೂ ಇಲ್ಲ, ಆ ಲೋಕದಲ್ಲೂ ಇಲ್ಲ."

ಸಾವಿನ ಕಲ್ಲಿನ ಮುಂದೆ ಇಂಥ ಮಾತನ್ನು ಯಾರೂ ಕೇಳಿರಲಿಲ್ಲ. ಮುದುಕನೊಬ್ಬ ತೌಬಾ ತೌಬಾ ಎಂದ. ಹಿಲ್ಮಿ ನೆಲ ನೋಡುತ್ತ ನಿಂತಿದ್ದ. ಆಮೇಲೆ ಯಾರೋ ಪೆಟ್ಟಿಗೆಗೆ ಕೈ ಹಾಕಿದರು, ನೂರು ಕೈಗಳು ಸೇರಿದವು, ಅಪ್ಪ ಎದ್ದು ಗೇಟು ದಾಟಿ ಹೆಗಲಿಂದ ಹೆಗಲಿಗೆ ಹೋದ. ಒಬ್ಬನೂ ತಿರುಗಿ ಅವಳನ್ನು ನೋಡಲಿಲ್ಲ. ಅವಳ ಸಿಟ್ಟು ಇಳಿಯಲಿಲ್ಲ, ಆದರೆ ಈಗ ಅದಕ್ಕೆ ಕಾಲೂರಿ ನಿಲ್ಲಲು ಒಂದು ಜಾಗ ಸಿಕ್ಕಿತ್ತು.

ಸಂಜೆ ಹರಿವಾಣಗಳೆಲ್ಲ ಡಾಕ್ಟರ ಮನೆಯಿಂದ ಹುಳುಕರ ಮನೆಗೆ ಬಂದವು, ಹೆಂಗಸರೂ ಹಿಂದೆಯೇ ಬಂದರು. ಮುಂದಿನ ಕೋಣೆ ತುಂಬಿತು. ಅತ್ತೆಗೆ ಕೊನೆಗೂ ಗಟ್ಟಿಯಾಗಿ ಅಳಲು ಸಿಕ್ಕಿತ್ತು, ನಡುನಡುವೆ ಹಲ್ವಾ ಹಂಚುತ್ತಲೂ ಇದ್ದಳು. ಸಬಿಹಾ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ತಣ್ಣಗಿನ ಒಲೆಯನ್ನು ಒರೆಸುತ್ತಿದ್ದಳು. ಯಾರ ಮುಖವನ್ನೂ ನೋಡುವುದಿಲ್ಲ, ಯಾರ ತುತ್ತನ್ನೂ ತಿನ್ನುವುದಿಲ್ಲ ಎಂದು ನಿಶ್ಚಯಿಸಿದ್ದಳು. ಹೊರಗೆ ಮಾತು ನಿಧಾನಕ್ಕೆ ಗೆಡ್ಡೆಯ ಬೆಲೆಗೆ, ಯಾರದೋ ಬಸಿರಿಗೆ ಹೊರಳಿತು. ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಬಾಗಿಲ ಹತ್ತಿರ ಹಿಲ್ಮಿಯ ಹೆಂಡತಿಯ ಧ್ವನಿ ಕೇಳಿತು. ಅದರಲ್ಲಿ ಕುಹಕವಿರಲಿಲ್ಲ, ಬಳಸಿ ಬಳಸಿ ಹಳತಾದ ಹೆಸರೊಂದನ್ನು ಆಡಿದ ಹಾಗಿತ್ತು.

"'ಬಿಡಲ್ಲ' ಸಬಿಹಾ ಎಲ್ಲಿ? ನನ್ನ ಹರಿವಾಣ ಬೇಕಿತ್ತು."

"ಬಂದೆ" ಎಂದಳು ಸಬಿಹಾ.